ಖಾಲಿ ತೂಕ ಕಳೆದ ಮೇಲೆ

ಅಜ್ಜಂಪುರದ ಮಾರುಕಟ್ಟೆ ರಸ್ತೆಯ ವೇಬ್ರಿಡ್ಜಿನಲ್ಲಿ ಚಂದ್ರಕುಮಾರ್ ಹದಿನೆಂಟು ವರ್ಷದಿಂದ ಲಾರಿ ತೂಗುತ್ತಿದ್ದ. ಅವನ ಕೆಲಸದ ಶಾಸ್ತ್ರ ಸರಳವಾದದ್ದು. ತುಂಬಿದ ಲಾರಿ ತೂಗಿದರೆ ಒಟ್ಟು ತೂಕ. ಅದೇ ಲಾರಿ ಸರಕು ಇಳಿಸಿ ಬಂದಾಗ ತೂಗಿದರೆ ಖಾಲಿ ತೂಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ನಿವ್ವಳ. ಈರುಳ್ಳಿಯಾಗಲಿ ಕೊಬ್ಬರಿಯಾಗಲಿ, ಲೋಕದಲ್ಲಿ ಬೆಲೆ ಇರುವುದು ಅದೊಂದಕ್ಕೇ. ಇಷ್ಟನ್ನು ದಿನಕ್ಕೆ ನಲವತ್ತು ಸಲ ಮಾಡಿದ ಮನುಷ್ಯ, ಮಗಳ ವಿಷಯದಲ್ಲಿ ಮಾತ್ರ ಒಟ್ಟು ತೂಕ ಬರೆದು ಚೀಟಿ ಹರಿದು ಕೊಟ್ಟುಬಿಟ್ಟ. ಖಾಲಿ ತೂಕ ಕಳೆಯಲು ಮರೆತೆ ಎಂದು ಆಮೇಲೆ ಹೇಳಿಕೊಂಡು ತಿರುಗಿದ. ಮರೆತಿರಲಿಲ್ಲ.

ನಿಜ ಏನೆಂದರೆ, ಮಗಳು ಭೂಮಿಕಾಗೆ ಹತ್ತೊಂಬತ್ತು, ಸಿಎ ಓದುತ್ತಿದ್ದಳು. ಸಿಎ ಅಂದರೆ ಮೂರು ಮೆಟ್ಟಿಲು. ಫೌಂಡೇಶನ್, ಇಂಟರ್, ಫೈನಲ್. ಕೊನೆಯ ಮೆಟ್ಟಿಲಿಗೆ ಮೊದಲು ಒಬ್ಬ ಆಡಿಟರ್ ಕೈಕೆಳಗೆ ಎರಡು ವರ್ಷ ಆರ್ಟಿಕಲ್‌ಶಿಪ್ ಎಂಬ ದುಡಿತ. ಎರಡನೆಯ ಮೆಟ್ಟಿಲಲ್ಲೇ ಕೂತು ಕೂದಲು ನರೆಸಿಕೊಂಡವರಿದ್ದಾರೆ. ಭೂಮಿಕಾ ಇಂಟರಿನ ಎರಡೂ ಗ್ರೂಪನ್ನು ಒಂದೇ ಏಟಿಗೆ ಮುಗಿಸಿ, ಶಿವಮೊಗ್ಗದ ಆಡಿಟರ್ ಲಕ್ಷ್ಮೀಪತಿಯವರ ಆಫೀಸಿಗೆ ಸೇರಿ ಮೂರು ವಾರವಾಗಿತ್ತು. ಇದು ಸಣ್ಣ ಸಂಗತಿಯೇನಲ್ಲ. ಹಾಗೆಯೇ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಆ ಸೋಮವಾರ ವೇಬ್ರಿಡ್ಜಿನ ಪಕ್ಕದ ತಿಮ್ಮಕ್ಕನ ಟೀ ಅಂಗಡಿಯಲ್ಲಿ ರುದ್ರಮೂರ್ತಿ ಕೂತಿದ್ದ. ಗೊಬ್ಬರದ ಅಂಗಡಿಯವನು, ಅದಕ್ಕಿಂತ ಮುಖ್ಯವಾಗಿ 'ನೂತನ ತಾಲ್ಲೂಕು ಹಿತರಕ್ಷಣಾ ಬಳಗ'ದ ಅಧ್ಯಕ್ಷ. ಅವನ ಮಗ ವಿಜಯ್ ನಾಲ್ಕು ವರ್ಷದ ಇಂಜಿನಿಯರಿಂಗಿನ ಏಳನೆಯ ವರ್ಷದಲ್ಲಿದ್ದ. ಅಂಥ ತಂದೆಗೆ ಬೇರೆಯವರ ಮಕ್ಕಳ ಓದಿನ ಮೇಲೆ ವಿಶೇಷ ಕಾಳಜಿ.

"ಏನಪ್ಪಾ ಚಂದ್ರು, ನಿನ್ನ ಮಗಳು ಇನ್ನೂ ಅದೇ ಕೂಡೋದು ಕಳೆಯೋದು ಕಲೀತಾವ್ಳಾ?"

"ಪಾಸಾಯ್ತು ಅಣ್ಣ."

"ಏನು ಪಾಸಾಯ್ತು?"

"ಸಿಎ."

'ಇಂಟರ್' ಎಂಬ ಮಾತು ಅವನ ಗಂಟಲ ತನಕ ಬಂದದ್ದು ನಿಜ. ಬಂದು, ರುದ್ರಮೂರ್ತಿಯ ಮುಖ ಬಾಡುವುದನ್ನು ನೋಡಿ, ಆ ಸುಖ ಕೆಡಿಸುವುದು ಬೇಡವೆಂದು ವಾಪಸು ಹೋಯಿತು.

"ಹತ್ತೊಂಬತ್ತಕ್ಕೇ?"

"ಹತ್ತೊಂಬತ್ತು ತುಂಬಿ ಎರಡು ತಿಂಗಳು," ಎಂದ ಚಂದ್ರಕುಮಾರ್. ಪಕ್ಕದಲ್ಲಿ ಒಂದು ನಿಖರವಾದ ಅಂಕಿ ನಿಂತರೆ ಎಂಥ ಮಾತಿಗೂ ಸರ್ಕಾರಿ ಸೀಲು ಬಿದ್ದಂತೆ. ಇದು ತೂಕದವನಿಗೆ ಗೊತ್ತಿರುವ ವಿದ್ಯೆ.

ಟೀ ಸೋಸುತ್ತಿದ್ದ ತಿಮ್ಮಕ್ಕ ತಲೆ ಎತ್ತಿದಳು. "ಇನ್ನೂ ಒಂದು ದೊಡ್ಡದು ಐತೆ ಅಂದಿತ್ತಲ್ಲ ಮಗು?"

"ಸಕ್ಕರೆ ಕಮ್ಮಿ ಹಾಕು ತಿಮ್ಮಕ್ಕ," ಎಂದ ಚಂದ್ರಕುಮಾರ್.

ಅವತ್ತು ವೇಬ್ರಿಡ್ಜ್ ದಾಟಿದ ನಲವತ್ತು ಲಾರಿಯ ಡ್ರೈವರುಗಳಿಗೂ ತೂಕದ ಚೀಟಿಯ ಜೊತೆ ಸುದ್ದಿ ಉಚಿತ. ಸಂಜೆಯ ಹೊತ್ತಿಗೆ ಅದು ತರೀಕೆರೆ, ಬೀರೂರು, ಕಡೂರು ತಲುಪಿ, ಅಲ್ಲಿ ಸರಕಿನ ಜೊತೆ ಇಳಿಯಿತು.

ಇಲ್ಲಿ ಅಜ್ಜಂಪುರದ ಒಂದು ಕಷ್ಟ ಹೇಳಬೇಕು. ಹೊಸದಾಗಿ ತಾಲ್ಲೂಕಾದ ಮೇಲೆ ಊರಿಗೆ ಎಲ್ಲದರಲ್ಲೂ ಒಬ್ಬ 'ಪ್ರಥಮ' ಬೇಕಾಗಿತ್ತು. ಪ್ರಥಮ ತಹಸೀಲ್ದಾರರಿಗೆ ಸನ್ಮಾನವಾಯಿತು, ಪ್ರಥಮ ಸಬ್ ರಿಜಿಸ್ಟ್ರಾರರಿಗಾಯಿತು. ತಾಲ್ಲೂಕು ಕಚೇರಿಯ ಹೊಸ ಮೆಟ್ಟಿಲಲ್ಲಿ ಪ್ರಥಮವಾಗಿ ಜಾರಿ ಬಿದ್ದ ಮಲ್ಲಿಗೆ ಹೂವಿನ ಬಸಣ್ಣನಿಗೂ ಒಂದು ಶಾಲು ಹೊದಿಸಿದ್ದರು. ಮುಂದೆ ಯಾರೂ ಸಿಗದೆ ಬಳಗ ಒಣಗಿ ಕೂತಿತ್ತು. ಮೊದಲ ದಿನದ ಹೊಟ್ಟೆಯುರಿ ತಣ್ಣಗಾದ ಮೇಲೆ ರುದ್ರಮೂರ್ತಿಗೆ ಭೂಮಿಕಾಳಲ್ಲಿ ತಾಲ್ಲೂಕಿನ ಭವಿಷ್ಯ ಕಾಣಿಸಿತು.

ಗುರುವಾರ ಬೆಳಗ್ಗೆ ತಿಮ್ಮಕ್ಕನ ಅಂಗಡಿಯ ಎದುರಿನ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. 'ನೂತನ ಅಜ್ಜಂಪುರ ತಾಲ್ಲೂಕಿನ ಪ್ರಪ್ರಥಮ ಹಾಗೂ ಅತಿ ಕಿರಿಯ ಸಿಎ, ಹತ್ತೊಂಬತ್ತರ ಹರೆಯದ ಕುಮಾರಿ ಭೂಮಿಕಾ ಅವರಿಗೆ ಹಾರ್ದಿಕ ಅಭಿನಂದನೆಗಳು.' ನಡುವೆ ಭೂಮಿಕಾಳ ಪಿಯುಸಿ ಫೋಟೊ. ಕುತ್ತಿಗೆಯಿಂದ ಕೆಳಗೆ ವಕೀಲರ ಕರಿ ಕೋಟು, ಮೇಲೆ ಪದವಿಯ ಚೌಕ ಟೋಪಿ. ಹಿಂದೆ ಒಂದು ಜಲಪಾತ ಮತ್ತು ಒಂದು ಸಿಂಹ. ಸುತ್ತ ಹದಿನಾಲ್ಕು ಹಿತೈಷಿಗಳ ಮುಖ. ಎಲ್ಲಕ್ಕಿಂತ ದೊಡ್ಡದು ರುದ್ರಮೂರ್ತಿಯದು: ಕಪ್ಪು ಕನ್ನಡಕ, ಕಿವಿಗೆ ಫೋನು. ಭೂಮಿಕಾ ಪಾಸಾದದ್ದನ್ನು ಆ ಕ್ಷಣದಲ್ಲೇ ಯಾರೋ ಅವನಿಗೆ ತಿಳಿಸುತ್ತಿರುವ ಹಾಗಿತ್ತು.

ಚಂದ್ರಕುಮಾರ್ ಅದರ ಕೆಳಗೆ ನಿಂತು ಒಂದು ಗಂಟೆ ನೋಡಿದ. ಮನೆಗೆ ಬಂದಾಗ ಹೆಂಡತಿ ಯಶೋಧರಾ ರಾಗಿ ಕೇರುತ್ತಿದ್ದಳು.

"ಇಂಟರ್ ಅನ್ನಕ್ಕೆ ನಿಮ್ಮ ಬಾಯಿಗೇನಾಗಿತ್ತು? ಒಂದೇ ಒಂದು ಪದ."

"ಹೇಳಾನ ಅಂತಿದ್ದೆ ಕಣೇ. ಅಷ್ಟರಲ್ಲಿ ಲಾರಿ ಬಂತು."

"ನಾಲ್ಕು ದಿವ್ಸದಿಂದ ಒಂದೇ ಲಾರಿನಾ?"

ಅವಳಿಗೆ ಹೆಚ್ಚು ಜಗಳವಾಡಲು ಪುರಸೊತ್ತಿರಲಿಲ್ಲ. ಬಾಗಿಲಲ್ಲಿ ಜನ. ಒಬ್ಬನಿಗೆ ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿತ್ತು, ಸಿಎ ಸರಿ ಮಾಡಬೇಕಿತ್ತು. ಒಬ್ಬಳಿಗೆ ಅಣ್ಣತಮ್ಮಂದಿರ ಪಾಲಿನಲ್ಲಿ ಎರಡು ತೆಂಗಿನ ಮರ ಕಡಿಮೆ ಬಂದಿದ್ದವು. ಕಡೂರಿನಿಂದ ಬಂದ ಒಬ್ಬರು ಮಾತ್ರ ಯಾವ ಕಾಗದವನ್ನೂ ತಂದಿರಲಿಲ್ಲ. ತಮ್ಮ ಮಗನನ್ನೇ ತಂದಿದ್ದರು. ಹುಡುಗ ಗೋಡೆಯ ಮೇಲಿನ ಬುದ್ಧನ ಪಟವನ್ನು ನೋಡುತ್ತಾ, ಅದರಷ್ಟೇ ಶಾಂತವಾಗಿ ಮೂರು ಲೋಟ ಕಾಫಿ ಕುಡಿದ.

ಶುಕ್ರವಾರ ಭೂಮಿಕಾಳ ಫೋನು ಬಂತು.

"ಅಪ್ಪಾ, ನಾನು ಲಾಯರ್ ಕೋಟು ಹಾಕ್ಕಂಡು ಫೋಟೊ ತೆಗೆಸ್ಕಂಡಿದ್ದು ಯಾವಾಗ?"

"ಅದು ಕಂಪ್ಯೂಟರಲ್ಲಿ ಹಾಕ್ತಾರೆ ಕಣಮ್ಮ. ಸಿಎಗೆ ಅಂತ ಬೇರೆ ಕೋಟು ಇಲ್ವಂತೆ."

"ಟೋಪಿ?"

"ಕೋಟಿನ ಜೊತೆ ಫ್ರೀ."

ಆಚೆ ಕಡೆ ಮಾತಿಲ್ಲ. ಯಶೋಧರಾ ಸುಮ್ಮನಾದರೆ ಪಾತ್ರೆಗಳಾದರೂ ಸದ್ದು ಮಾಡುತ್ತವೆ. ಮಗಳು ಸುಮ್ಮನಾದರೆ ಏನೂ ಸದ್ದಾಗುವುದಿಲ್ಲ. ಚಂದ್ರಕುಮಾರನಿಗೆ ಪಾತ್ರೆಯ ಸದ್ದೇ ವಾಸಿ ಅನ್ನಿಸಿತು.

"ಲಕ್ಷ್ಮೀಪತಿ ಸಾರ್ ನೋಡಿದ್ರು. ಯಾರೋ ಸ್ಟೇಟಸ್ ಹಾಕ್ಕಂಡಿದ್ರಂತೆ," ಎಂದಳು ಕಡೆಗೆ. "ಸಿಎ ಸಂಸ್ಥೆ ಮೆಂಬರ್ ಆಗದೆ ಸಿಎ ಅಂತ ಹಾಕ್ಕಳೋದು ಅಪರಾಧ ಅಪ್ಪಾ. ಯಾರಾದ್ರೂ ಒಂದು ದೂರು ಬರೆದ್ರೆ ಸಾಕು. ಸೋಮವಾರ ಬೆಳಗ್ಗೆ ಅದು ಇನ್ನೂ ಅಲ್ಲೇ ಇದ್ರೆ ಆಫೀಸಿಗೆ ಬರೋದು ಬೇಡ ಅಂದವ್ರೆ."

"ಹಂಗಾದ್ರೆ ಫೈನಲ್ಲು?"

"ಆರ್ಟಿಕಲ್‌ಶಿಪ್ ಇಲ್ದೆ ಫೈನಲ್ ಎಲ್ಲಿಂದ ಬರ್ತದೆ?"

ಚಂದ್ರಕುಮಾರ್ ನೇರವಾಗಿ ರುದ್ರಮೂರ್ತಿಯ ಗೊಬ್ಬರದ ಅಂಗಡಿಗೆ ಹೋದ. ಆದರೆ ಅಲ್ಲಿ ಆಗಲೇ ಯುದ್ಧದ ವಾತಾವರಣ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅವತ್ತೇ ಇನ್ನೊಂದು ಫ್ಲೆಕ್ಸ್ ಎದ್ದಿತ್ತು: 'ತರೀಕೆರೆ ತಾಲ್ಲೂಕಿನ ಹೆಮ್ಮೆಯ ಪುತ್ರಿ.' ಹಾಕಿಸಿದವನು ಅಲ್ಲಿನ ಮಲ್ಲಿಕಾರ್ಜುನಯ್ಯ. ಅವನ ವಾದಕ್ಕೆ ದಾಖಲೆಯಿತ್ತು. ಭೂಮಿಕಾ ಪ್ರೈಮರಿ ಓದುವಾಗ ಅಜ್ಜಂಪುರ ತರೀಕೆರೆ ತಾಲ್ಲೂಕಿನಲ್ಲೇ ಇತ್ತು. ಅವಳ ಟಿಸಿಯಲ್ಲಿ ತಾಲ್ಲೂಕು ಎಂಬ ಕಡೆ ತರೀಕೆರೆ ಅಂತಲೇ ಬರೆದಿದೆ. ಅಡಿಪಾಯ ಹಾಕಿದವರು ನಾವು, ಗೃಹಪ್ರವೇಶ ಮಾಡಿಕೊಳ್ಳುವವರು ಅವರೇ ಎಂಬುದು ಅವನ ಪ್ರಶ್ನೆ.

ಇದು ಸಾಲದೆಂದು ಮೂರನೆಯ ತಾಲ್ಲೂಕೂ ಕಣಕ್ಕೆ ಇಳಿಯಿತು. ಯಶೋಧರಾಳ ತವರು ಕಡೂರು ತಾಲ್ಲೂಕಿನ ಯಗಟಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ. ಭೂಮಿಕಾ ಹುಟ್ಟಿದ್ದು ಅಲ್ಲೇ. ಅಜ್ಜಿ ಉಚ್ಚಂಗಮ್ಮ ಫೋನು ಮಾಡಿದಳು.

"ಅಳಿಯಂದ್ರೇ, ಕಡೂರಿನಿಂದ ಒಂದು ಜೀಪು ಜನ ಬಂದವ್ರೆ. ಹೊಕ್ಕಳುಬಳ್ಳಿ ಹೂತಿರೋ ಜಾಗ ತೋರ್ಸು ಅಂತಾವ್ರೆ. ಫೋಟೊ ಹೊಡ್ಕಂಡು ಬ್ಯಾನರ್ ಮಾಡ್ತಾರಂತೆ."

"ತೋರಿಸ್ಬೇಡಿ ಅತ್ತೆ."

"ಅದರ ಮ್ಯಾಲೆ ಈಗ ಕುರಿ ರೊಪ್ಪ ಐತೆ. ಆಗ್ಲೇ ತೋರ್ಸಿಬಿಟ್ಟೆ. ಕುರಿ ಪಕ್ಕ ನಿಂತ್ಕಂಡು ನಾನೂ ಹೊಡ್ಸ್ಕಂಡೆ."

ಇಂಥ ಹೊತ್ತಿನಲ್ಲಿ ಚಂದ್ರಕುಮಾರ್ ರುದ್ರಮೂರ್ತಿಯ ಎದುರು ನಿಂತು, ನಾಲ್ಕು ದಿನ ತಡವಾಗಿ, ಸತ್ಯ ಹೇಳಿದ.

"ಅಣ್ಣ, ಫ್ಲೆಕ್ಸ್ ಇಳಿಸ್ಬೇಕು. ಅವಳಿನ್ನೂ ಸಿಎ ಆಗಿಲ್ಲ. ಇಂಟರ್ ಅಷ್ಟೇ ಪಾಸಾಗಿರೋದು."

ರುದ್ರಮೂರ್ತಿ ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದ. ಯೂರಿಯಾ ಮೂಟೆಯ ಮೇಲೆ ಕೂತು, ಬಹಳ ನೊಂದ ದನಿಯಲ್ಲಿ ಕೇಳಿದ.

"ತರೀಕೆರೆಯೋರು ಏನು ಕೊಡ್ತೀನಿ ಅಂದವ್ರೆ?"

"ಏನೂ ಇಲ್ಲಣ್ಣ. ನಿಜವಾಗ್ಲೂ ಇಂಟರ್."

"ಮಲ್ಲಿಕಾರ್ಜುನಯ್ಯ ಹೇಳ್ಕೊಟ್ಟವ್ನೆ. ನಮ್ಮ ಫ್ಲೆಕ್ಸ್ ಇಳೀಲಿ, ಅವನದು ಉಳೀಲಿ ಅಂತ. ಚಂದ್ರು, ನೀನು ಬಡವ ಇರಬೌದು. ಆದ್ರೆ ಸ್ವಂತ ತಾಲ್ಲೂಕು ಮಾರ್ಕಳ್ಳೋ ಅಷ್ಟು ಬಡವ ಅಂತ ತಿಳ್ಕಂಡಿರ್ಲಿಲ್ಲ."

ಚಂದ್ರಕುಮಾರ್ ಮಾರ್ಕ್ಸ್ ಕಾರ್ಡ್ ಫೋನಿನಲ್ಲಿ ತೋರಿಸಿದ. ರುದ್ರಮೂರ್ತಿ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿ, "ಇದನ್ನೂ ಕಂಪ್ಯೂಟರಲ್ಲೇ ಮಾಡ್ತಾರೆ, ಕೋಟಿನ ಹಂಗೆ," ಎಂದು ವಾಪಸು ಕೊಟ್ಟ. ಅಷ್ಟೇ ಅಲ್ಲ, ತರೀಕೆರೆಯವರು ಫ್ಲೆಕ್ಸ್ ಹರಿಯಲು ಸಂಚು ಮಾಡಿದ್ದಾರೆಂದು ಠಾಣೆಗೆ ಒಂದು ಅರ್ಜಿಯನ್ನೂ ಕೊಟ್ಟ. ಶನಿವಾರದಿಂದ ಫ್ಲೆಕ್ಸಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾನ್‌ಸ್ಟೇಬಲ್ ಬೀರಯ್ಯ ಕೂತ. ಅಜ್ಜಂಪುರ ತಾಲ್ಲೂಕಿನಲ್ಲಿ ಪೊಲೀಸ್ ಕಾವಲು ಪಡೆದ ಪ್ರಥಮ ಫ್ಲೆಕ್ಸ್ ಎಂಬ ಗೌರವವೂ ಅದಕ್ಕೆ ಸೇರಿತು.

ಭಾನುವಾರ ಮಧ್ಯಾಹ್ನ ಎರಡೂವರೆ. ಬೀರೂರಿನ ಬಸ್ಸು ಹೋಗಿತ್ತು, ತರೀಕೆರೆಯದು ಬಂದಿರಲಿಲ್ಲ. ಬೀರಯ್ಯ ಮುದ್ದೆ ಊಟ ಮುಗಿಸಿ, ಟೋಪಿಯನ್ನು ಮೂಗಿನ ಮೇಲಿಟ್ಟುಕೊಂಡು ಕಾನೂನು ಸುವ್ಯವಸ್ಥೆ ಕಾಪಾಡುತ್ತಿದ್ದ. ಚಂದ್ರಕುಮಾರ್ ವೇಬ್ರಿಡ್ಜಿನ ಬಿದಿರೇಣಿಯನ್ನೂ ಈರುಳ್ಳಿ ಚೀಲ ಕುಯ್ಯುವ ಚಾಕುವನ್ನೂ ತಂದು, ಸದ್ದಿಲ್ಲದೆ ಹತ್ತಿದ. ನಾಲ್ಕು ಮೂಲೆಗೆ ನಾಲ್ಕು ಹಗ್ಗ. ಒಂದು ಕುಯ್ದ. ಎರಡನೆಯದನ್ನು ಕುಯ್ದಾಗ ಇಡೀ ಫ್ಲೆಕ್ಸ್, ಸಿಂಹ ಜಲಪಾತ ಸಮೇತ, ಬೀರಯ್ಯನ ಮೇಲೆ ಬಿತ್ತು. ಒಳಗಿನಿಂದ ಬೀರಯ್ಯ ಕೂಗಿದ. ಹೊರಗಿನಿಂದ ನೋಡಿದವರಿಗೆ ಕೂಗುತ್ತಿರುವುದು ರುದ್ರಮೂರ್ತಿಯ ಮುಖವೇ ಅನ್ನಿಸಿ, ಅರ್ಧ ನಿಮಿಷ ಯಾರೂ ಹತ್ತಿರ ಹೋಗಲಿಲ್ಲ.

ಠಾಣೆಯಲ್ಲಿ ಎಸ್ಸೈ ಪೆನ್ನು ಹಿಡಿದು ಕೂತರು. ಅವರು ಆ ಊರಿಗೆ ಬಂದು ಹತ್ತು ದಿನವಾಗಿತ್ತು.

"ಯಾರಿಗೆ ಅವಮಾನ ಆಗಿರೋದು?"

"ನನ್ನ ಮಗಳಿಗೆ ಸಾರ್," ಎಂದ ಚಂದ್ರಕುಮಾರ್.

"ಮಾಡಿದೋರು?"

"ನಾನೇ ಸಾರ್."

"ದೂರು ಕೊಡೋರು?"

"ನಾನು," ಎಂದ ರುದ್ರಮೂರ್ತಿ. "ಮಗಳ ತಂದೆ ಪರವಾಗಿ."

ಎಸ್ಸೈ ಪೆನ್ನು ಮುಚ್ಚಿದರು. ಆಮೇಲೆ ಎರಡು ಆಜ್ಞೆ ಕೊಟ್ಟರು. ಒಂದು, ಚಾಕು ಜಪ್ತಿ. ಎರಡು, ಊರಿನಲ್ಲಿ ಗಲಾಟೆಯಾಗದಂತೆ ಫ್ಲೆಕ್ಸನ್ನು ತಕ್ಷಣ ಮೊದಲಿದ್ದ ಹಾಗೇ ಕಟ್ಟುವುದು. ಈ ಸಲ ಆರು ಹಗ್ಗ ಹಾಕಿ ಕಟ್ಟಿದರು. ಚಂದ್ರಕುಮಾರನೇ ಏಣಿ ಹಿಡಿದುಕೊಂಡು ನಿಂತ. ಸೋಮವಾರ ಬೆಳಗ್ಗೆಗೆ ಹದಿನೆಂಟು ಗಂಟೆ ಉಳಿದಿತ್ತು.

ನಾಲ್ಕೂವರೆಗೆ ತರೀಕೆರೆ ಬಸ್ಸಿನಿಂದ ಭೂಮಿಕಾ ಇಳಿದಳು. ತರೀಕೆರೆಯ ಫ್ಲೆಕ್ಸನ್ನು ಕಿಟಕಿಯಿಂದ ನೋಡಿಯೇ ಬಂದಿದ್ದಳು. ಅಪ್ಪನ ಕಡೆ ನೋಡಲಿಲ್ಲ. ಫ್ಲೆಕ್ಸಿನ ಎದುರು ನಿಂತು ಫೋನಿನಲ್ಲಿ ಒಂದು ಫೋಟೊ ತೆಗೆದು, ಚೀಲದಿಂದ ನೋಟ್‌ಬುಕ್ ಹೊರಗೆ ತೆಗೆದಳು. ಹಿತೈಷಿಗಳೆಲ್ಲ ಆಗಲೇ ಅಲ್ಲಿದ್ದರು. ಹಗ್ಗ ಬಿಗಿಯಾಗಿದೆಯೋ ಎಂದು ನೋಡಲು ಬಂದವರು.

"ಈ ಕಪ್ಪು ಕನ್ನಡಕ ಯಾರು?"

"ನಾನೇ ಕಣಮ್ಮ," ಎಂದ ರುದ್ರಮೂರ್ತಿ, ಎದೆ ಸ್ವಲ್ಪ ಮುಂದೆ ತಂದು.

"ಫೋನು ಅಡ್ಡ ಇತ್ತು, ಗುರ್ತು ಸಿಗ್ಲಿಲ್ಲ ಅಂಕಲ್. ಪೂರ್ತಿ ಹೆಸರು, ವಿಳಾಸ, ಪ್ಯಾನ್ ನಂಬರ್ ಹೇಳಿ."

"ಪ್ಯಾನ್ ಯಾಕಮ್ಮ?"

"ಸಿಎ ಅಂತ ನಾನು ಎಲ್ಲೂ ಹೇಳ್ಕಂಡಿಲ್ಲ. ನೀವು ಹದಿನಾಲ್ಕು ಜನ ಸಾರಿದೀರ. ನಾಳೆ ಯಾರಾದ್ರೂ ಕೇಳಿದ್ರೆ ಸಾರಿದೋರ ವಿವರ ಕೊಡ್ಬೇಕಲ್ಲ. ಎಲ್ಲಾ ಬರ್ಕಂಡು ಹೋಗಿ ಆಡಿಟರ್ ಸಾರ್ ಟೇಬಲ್ ಮೇಲೆ ಇಡ್ತೀನಿ."

"ಆಡಿಟರ್ ಟೇಬಲ್ ಮೇಲೆ."

"ಹೂಂ. ಒಂದೊಂದು ಮುಖದ ಮುಂದೆ ಒಂದೊಂದು ಪ್ಯಾನ್."

ಹಿತೈಷಿಗಳು ಒಬ್ಬರ ಹಿಂದೊಬ್ಬರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಮಂತ್ರಿಗಳ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡ ಧೀರರು ಅವರು. ಆದರೆ ಗೊಬ್ಬರದ ಅಂಗಡಿ, ಕೊಬ್ಬರಿ ಮಂಡಿ, ಬಡ್ಡಿ ವ್ಯವಹಾರ, ಹೆಂಡತಿಯ ಹೆಸರಿನ ಎರಡು ಸೈಟು, ಎಲ್ಲವೂ ಆ ಹತ್ತು ಅಕ್ಷರದ ನಂಬರಿಗೆ ನೇತುಬಿದ್ದಿರುತ್ತವೆ. ಹುಡುಗಿ ಆದಾಯ ತೆರಿಗೆ ಎಂಬ ಮಾತೇ ಎತ್ತಿರಲಿಲ್ಲ. ಅದನ್ನು ಅವರವರೇ ಕೂಡಿಸಿಕೊಂಡರು. ರುದ್ರಮೂರ್ತಿಯಂತೂ "ಯಾವುದು ಹೇಳ್ಲಿ" ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿ, ಕೆಮ್ಮಿದ.

"ಕಾರ್ಡು ಮನೇಲೈತೆ. ತಂದೆ ಇರು."

ಹೋದವನು ಕಾರ್ಡಿನ ಬದಲು ಕುರ್ಚಿ ತಂದ. ಬೀರಯ್ಯನ ಹತ್ತಿರ ಬಗ್ಗಿ, "ಆ ಜಪ್ತಿ ಚಾಕು ಒಂದು ನಿಮಿಷ ಕೊಡಪ್ಪಾ," ಎಂದ. ಕುರ್ಚಿ ಹತ್ತಿ, ಕಪ್ಪು ಕನ್ನಡಕ ಮತ್ತು ಫೋನಿನ ಸಮೇತ ತನ್ನ ಮುಖವನ್ನು ಗುಂಡಗೆ ಕುಯ್ದು, ಮಡಚಿ ಜೇಬಿಗಿಟ್ಟುಕೊಂಡ. "ನನ್ನ ಫೋಟೊ ನಂಗೆ ಗೊತ್ತಿಲ್ದೆ ಹಾಕ್ಬಿಟ್ಟವ್ರೆ," ಎಂದು ಗಾಳಿಗೆ ಹೇಳಿದ. ಹಿಂದೆಯೇ ಸಾಲು ನಿಂತಿತು.

ಬೀರಯ್ಯನಿಗೆ ಧರ್ಮಸಂಕಟ. ಎಸ್ಸೈಗೆ ಫೋನು ಮಾಡಿದ. "ಸಾರ್, ಅವರವರ ಮುಖ ಅವರವರೇ ಕುಯ್ಕಳ್ತಾವ್ರೆ. ಹಿಡ್ಕಳ್ಳಾ?"

"ಸ್ವಂತ ಮುಖಕ್ಕೆ ಸೆಕ್ಷನ್ ಇಲ್ಲ ಬೀರಯ್ಯ. ಚಾಕು ಲೆಕ್ಕ ಇಟ್ಕೋ."

ಅರ್ಧ ಗಂಟೆಯಲ್ಲಿ ಹದಿನಾಲ್ಕು ಮುಖವೂ ಹೋಗಿ ಹದಿನಾಲ್ಕು ತೂತು ಉಳಿದವು. ಒಂದರಲ್ಲಿ ಕೆಇಬಿ ಕಂಬ ಕಾಣುತ್ತಿತ್ತು, ಒಂದರಲ್ಲಿ ತಿಮ್ಮಕ್ಕನ ಟೀ ಅಂಗಡಿ. ಮುಖವಿಲ್ಲದ ಫ್ಲೆಕ್ಸಿಗೆ ಯಾರೂ ವಾರಸುದಾರರಿಲ್ಲ, ಗಲಾಟೆಗೂ ಕಾರಣವಿಲ್ಲ. ಚಂದ್ರಕುಮಾರ್ ಅದನ್ನು ಬಿಚ್ಚಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಆಮೇಲೆ ವೇಬ್ರಿಡ್ಜಿಗೆ ಓಡಿ, ಬಂದ ಲಾರಿಗಳಿಗೆಲ್ಲ ಚೀಟಿಯ ಜೊತೆ ಹೊಸ ಸುದ್ದಿ ಕೊಟ್ಟ: ಫ್ಲೆಕ್ಸಿನಲ್ಲಿ ಇರೋರ ಪ್ಯಾನ್ ಬರ್ಕಳ್ತಾವ್ರೆ. ಸುದ್ದಿ ಹೋದ ದಾರಿಯಲ್ಲೇ ಹೋಯಿತು. ಕತ್ತಲಾಗುವುದರೊಳಗೆ ತರೀಕೆರೆಯ ಫ್ಲೆಕ್ಸ್ ಮಾಯವಾಗಿ, ಟಿಸಿಯನ್ನು ತಾನು ತಪ್ಪಾಗಿ ಓದಿದ್ದೆ ಎಂದು ಮಲ್ಲಿಕಾರ್ಜುನಯ್ಯ ಪ್ರಕಟಿಸಿದ. ಕಡೂರಿನದು ಪ್ರಿಂಟಿನ ಅಂಗಡಿಯಿಂದ ಹೊರಗೇ ಬರಲಿಲ್ಲ. ಉಚ್ಚಂಗಮ್ಮ ಮಾತ್ರ ತನ್ನ ಮತ್ತು ಕುರಿಯ ಫೋಟೊ ಎಲ್ಲಿ ಎಂದು ಇವತ್ತಿಗೂ ಕೇಳುತ್ತಾಳೆ.

ವಾಪಸು ಬಸ್ಸು ಹತ್ತುವ ಮೊದಲು ಭೂಮಿಕಾ ಅಪ್ಪನ ಕಡೆ ತಿರುಗಿದಳು.

"ಇಂಟರ್ ಅನ್ನೋದು ಸಣ್ಣ ಪದ ಅಂತ ಬಿಟ್ರಿ. ಅದೊಂದು ಪದಕ್ಕೆ ನಾನು ಒಂದು ವರ್ಷ ನಿದ್ದೆ ಬಿಟ್ಟಿದ್ದೆ ಅಪ್ಪಾ."

ಚಂದ್ರಕುಮಾರ್ ಏನೋ ಹೇಳಬೇಕೆಂದುಕೊಂಡ. ಬಸ್ಸು ಹೊರಟಿತು. ಈ ಸಲ ಮಾತಿಗೆ ಅಡ್ಡ ಬಂದದ್ದು ಲಾರಿಯಲ್ಲ, ನಿಜವಾದ ಬಸ್ಸು.

ಎರಡು ವರ್ಷ ಎಂಟು ತಿಂಗಳಾಯಿತು. ಒಂದು ದಿನ ಹನ್ನೊಂದು ಗಂಟೆಗೆ, ಕೊಬ್ಬರಿ ಲಾರಿ ವೇಬ್ರಿಡ್ಜಿನ ತಟ್ಟೆಯ ಮೇಲಿದ್ದಾಗ, ಫೋನು ಬಂತು. ಚಂದ್ರಕುಮಾರ್ ಫೋನಿಟ್ಟು ತಿಮ್ಮಕ್ಕನ ಅಂಗಡಿಗೆ ಹೋದ. ರುದ್ರಮೂರ್ತಿ ಅಲ್ಲೇ ಇದ್ದ.

"ಅಣ್ಣ, ಭೂಮಿಕಾ ಸಿಎ ಫೈನಲ್ ಪಾಸಾದ್ಲು. ಎರಡೂ ಗ್ರೂಪು, ಮೊದಲನೇ ಸಲಕ್ಕೇ. ಇಪ್ಪತ್ತೊಂದು ವರ್ಷ ಹತ್ತು ತಿಂಗಳು." ಒಂದು ಪದವನ್ನೂ ಬಿಟ್ಟಿರಲಿಲ್ಲ.

"ಹಳೇ ಸುದ್ದಿ ಕಣಯ್ಯ," ಎಂದ ರುದ್ರಮೂರ್ತಿ, ಬನ್ನು ಅದ್ದುತ್ತಾ. "ಆವತ್ತು ಹತ್ತೊಂಬತ್ತಕ್ಕೇ ಪಾಸಾಗಿದ್ಲು. ಈಗ ನೋಡಿದ್ರೆ ಇಪ್ಪತ್ತೊಂದಕ್ಕೆ ಅಂತೀಯ. ಓದ್ತಾ ಓದ್ತಾ ಹಿಂದಕ್ಕೆ ಹೋದ್ಲಾ?"

"ಎಷ್ಟು ಸಲ ಪಾಸು ಮಾಡಿಸ್ತೀಯಪ್ಪ ಮಗೂನ," ಎಂದಳು ತಿಮ್ಮಕ್ಕ. "ಸುಸ್ತಾಗಲ್ವಾ ಅದಕ್ಕೆ."

"ನಿಜವಾಗ್ಲೂ ಅಣ್ಣ. ನೋಡಿ ಬೇಕಾದ್ರೆ," ಎಂದು ಚಂದ್ರಕುಮಾರ್ ಫೋನು ಮುಂದೆ ಹಿಡಿದ. ರುದ್ರಮೂರ್ತಿ ಹಾವು ಕಂಡವನಂತೆ ಕಾಲು ಹಿಂದಕ್ಕೆ ತೆಗೆದುಕೊಂಡ.

"ನಾನು ಏನೂ ನೋಡಿಲ್ಲ, ಯಾರಿಗೂ ಹೇಳೋದೂ ಇಲ್ಲ. ನನ್ನ ಹೆಸರು ಎಲ್ಲೂ ಬರಬಾರ್ದು."

ಹೀಗೆ ಮೂರು ತಾಲ್ಲೂಕಿನಲ್ಲಿ ಒಬ್ಬನೂ ಭೂಮಿಕಾಳನ್ನು ತನ್ನವಳೆನ್ನಲು ಮುಂದೆ ಬರಲಿಲ್ಲ. ಚಂದ್ರಕುಮಾರ್ ಮನೆಗೆ ಹೋಗಿ ಅಟ್ಟ ಹತ್ತಿದ. ಹಳೆಯ ಫ್ಲೆಕ್ಸ್ ಅಲ್ಲೇ ಇತ್ತು. ಹುರುಳಿ ಒಣಗಿಸಲು ಹಾಕಿದರೆ ತೂತಿನಲ್ಲಿ ಸೋರುತ್ತದೆಂದು ಯಶೋಧರಾ ಅಲ್ಲಿಗೆ ಎಸೆದಿದ್ದಳು. ಮಗಳಿಗೆ ಫೋನು ಮಾಡಿ ಕೇಳಿದ.

"ಈಗ ಕಟ್ಲಾ?"

"ಮೆಂಬರ್‌ಶಿಪ್ ಬರ್ಲಿ ಅಪ್ಪಾ. ಅಲ್ಲೀ ತನಕ ತಡೀರಿ."

ನಲವತ್ತಮೂರು ದಿನ ತಡೆದ. ನಲವತ್ನಾಲ್ಕನೆಯ ದಿನ ಬೆಳಗ್ಗೆ, ಠಾಣೆಯಿಂದ ವಾಪಸು ಬಂದಿದ್ದ ಅದೇ ಚಾಕುವಿನಿಂದ 'ಹತ್ತೊಂಬತ್ತರ ಹರೆಯದ' ಎಂಬಷ್ಟನ್ನು ಕುಯ್ದು, ಹದಿನೈದು ತೂತಿನ ಫ್ಲೆಕ್ಸನ್ನು ವೇಬ್ರಿಡ್ಜಿನ ಕೋಣೆಯ ಮೇಲೆ ಕಟ್ಟಿದ. ಕರಿ ಕೋಟು, ಚೌಕ ಟೋಪಿ, ಸಿಂಹ, ಜಲಪಾತ ಹಾಗೇ ಇದ್ದವು. ತೂತುಗಳಲ್ಲಿ ಗಾಳಿ ಆಡುತ್ತಿತ್ತು.

ಯಗಟಿ ಕಡೆಯ ಲಾರಿ ಡ್ರೈವರೊಬ್ಬ ಚೀಟಿಗೆ ಕೈ ಚಾಚಿದವನು ಕತ್ತೆತ್ತಿ ನೋಡಿದ.

"ಏನಣ್ಣ ಇದು, ಇಷ್ಟೊಂದು ತೂತು?"

"ಅದು ಖಾಲಿ ತೂಕ. ಕಳೆದಿದೀನಿ," ಎಂದು ಚಂದ್ರಕುಮಾರ್ ಚೀಟಿ ಹರಿದು ಕೊಟ್ಟ. "ಉಳಿದಿರೋದು ನಿವ್ವಳ."